ಅಳಿಯ ಹಸ್ಕಿಯಲ್ಲ

ತುಪ್ಪಳದಕ್ಕ ಹೇಳಬೇಕಾಗಿದ್ದದ್ದು ಒಂದೇ ಒಂದು ಪದ: ಹಸ್ಕಿ. ಅಷ್ಟು ಹೇಳಿದ್ದರೆ ನಾಯಿ ಯಾವ ರಗಳೆಯೂ ಇಲ್ಲದೆ ಮನೆಯಲ್ಲೇ ಉಳಿಯುತ್ತಿತ್ತು, ಯಾರೂ ತುಟಿ ಪಿಟಕ್ ಎನ್ನುತ್ತಿರಲಿಲ್ಲ. ಅಪಾರ್ಟ್‌ಮೆಂಟಿನ ಸೆಕ್ರೆಟರಿಯೇ ಮನೆಗೆ ಬಂದು, ಸೋಫಾದ ತುದಿಯಲ್ಲಿ ಕೂತು, ಆ ದಾರಿ ತೋರಿಸಿಕೊಟ್ಟಿದ್ದರು.

"ನೋಡಮ್ಮಾ, ಮೊದಲನೇ ಮಹಡಿ ಬ್ಯಾಂಕ್ ಮ್ಯಾನೇಜರ್ ಹತ್ರ ಹಸ್ಕಿ ಇದೆ. ಅದರ ಬಗ್ಗೆ ಯಾರದ್ದೂ ತಕರಾರಿಲ್ಲ. ನಿಮ್ಮದೂ ಹಸ್ಕೀನೇ ಅಂದ್ಬಿಡಿ. ಮೀಟಿಂಗ್‌ನಲ್ಲಿ ನಾನು ಹೂಂ ಅಂತೀನಿ. ಆಮೇಲೆ ಭಾನುವಾರ ಟೆರೇಸ್‌ಗೆ ಕರ್ಕೊಂಡ್ಬನ್ನಿ, ಮಿಕ್ಕ ನಾಯಿಗಳ ಜೊತೆ ಆಡ್ಲಿ. ಜನಕ್ಕೂ ನಂಬಿಕೆ ಬರುತ್ತೆ."

"ಅದು ಹಸ್ಕಿ ಅಲ್ವಲ್ಲ ಸಾರ್."

"ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಲ್ಲ."

ಸೆಕ್ರೆಟರಿ ನಾಯಿಯ ಕಡೆ ನೋಡಿದರು. ಅದು ಅಡುಗೆಮನೆಯ ಬಾಗಿಲಿಗೆ ಅಡ್ಡವಾಗಿ, ಸುರುಳಿ ಸುತ್ತಿಟ್ಟ ಹಾಸಿಗೆಯಂತೆ ಮಲಗಿತ್ತು. ತಾನು ಯಾವ ಜಾತಿ ಎಂಬ ಚರ್ಚೆ ನಡೆಯುತ್ತಿರುವಾಗ ಅದು ಒಂದು ಕಿವಿಯನ್ನೂ ಅಲ್ಲಾಡಿಸಲಿಲ್ಲ.

ತುಪ್ಪಳದಕ್ಕ ಎಂಬುದು ಬೀದಿಯವರು ಇಟ್ಟ ಹೆಸರು. ಬೀದಿಯ ಕೊನೆಯಲ್ಲಿ ಅವಳದೊಂದು ಅಂಗಡಿಯಿದೆ: ಅರ್ಧ ಎತ್ತಿದ ಶಟರು, ಎರಡು ತೊಟ್ಟಿ, ರಬ್ಬರು ಹಾಸಿದ ಮೇಜು, ಬಿಸಿಗಾಳಿಯ ಯಂತ್ರ. ನಾಯಿಗಳಿಗೆ ಸ್ನಾನ ಮಾಡಿಸಿ, ಬಾಚಿ, ಉಗುರು ಕತ್ತರಿಸಿ ಕಳಿಸುವುದು ಕೆಲಸ. ಸಂಜೆ ಮನೆಗೆ ಹೊರಟರೆ ಸೀರೆಯ ನೆರಿಗೆಯಿಂದ ಹಿಡಿದು ಹುಬ್ಬಿನವರೆಗೆ ತುಪ್ಪಳ ಅಂಟಿರುತ್ತದೆ. ಮೊದಲು ಹೆಂಗಸರ ಪಾರ್ಲರಿನಲ್ಲಿ ಕೂದಲು ಕತ್ತರಿಸುತ್ತಿದ್ದಳು. ಅದನ್ನೇಕೆ ಬಿಟ್ಟೆ ಎಂದು ಕೇಳಿದವರಿಗೆ, "ನಾಯಿಗಳು ಕನ್ನಡಿ ಕೇಳಲ್ಲ" ಎಂದು ಉತ್ತರ ಕೊಡುತ್ತಾಳೆ.

ಹೊಸ ನಾಯಿ ಬಂದರೆ ಅವಳು ಮೊದಲು ಮುಖ ನೋಡುವುದಿಲ್ಲ, ಬಾಲ ನೋಡುತ್ತಾಳೆ. ತೋಳವನ್ನು ಹೋಲುವ ನಾಯಿಗಳ ವಿಷಯದಲ್ಲಂತೂ ಇದು ಕಟ್ಟುನಿಟ್ಟು. ಏಕೆಂದರೆ ಮುಖ ಎಲ್ಲರಿಗೂ ಮೋಸ ಮಾಡುತ್ತದೆ. ಬೂದು ಹಣೆ, ಬಿಳಿ ಕೆನ್ನೆ, ನೆಟ್ಟಗೆ ನಿಂತ ಕಿವಿ ಕಂಡರೆ ಸಾಕು, ಒಬ್ಬರು ಹಸ್ಕಿ ಎನ್ನುತ್ತಾರೆ, ಇನ್ನೊಬ್ಬರು ತೋಳ ಎನ್ನುತ್ತಾರೆ. ಬಾಲ ಹಾಗಲ್ಲ. ಹಸ್ಕಿಯದು ನರಿಯ ಬಾಲದಂತೆ ದುಂಡಗಿರುತ್ತದೆ. ಖುಷಿಯಾದಾಗ ಕುಡುಗೋಲಿನಂತೆ ಮೇಲೇರಿ, ದಣಿದಾಗ ಇಳಿಯುತ್ತದೆ. ಹಸ್ಕಿಯ ದೊಡ್ಡಣ್ಣನಂತಿರುವ ಮಾಲಮ್ಯೂಟಿನದು ಬೆನ್ನಿನ ಮೇಲೆ ಬೀಸಣಿಗೆಯಂತೆ ಹರಡಿಕೊಳ್ಳುತ್ತದೆ. ಜರ್ಮನ್ ಶೆಫರ್ಡ್ ಬಾಲವನ್ನು ಕೆಳಗೆ ಬಿಟ್ಟು ತುದಿಯಲ್ಲಷ್ಟೇ ಬಾಗಿಸುತ್ತದೆ. ತೋಳದ ಬಾಲ ನೆಟ್ಟಗೆ ಜೋತುಬೀಳುತ್ತದೆ, ಬೆನ್ನಿನ ಮೇಲೆ ಸುರುಳಿ ಸುತ್ತುವುದಿಲ್ಲ. ಬಾಲ ಆದ ಮೇಲೆ ಮೂಳೆಯ ದಪ್ಪ, ಆಮೇಲೆ ಕಿವಿಗಳ ನಡುವಿನ ಅಂತರ, ಎಲ್ಲಕ್ಕಿಂತ ಕೊನೆಗೆ ಕಣ್ಣು. ಹಸ್ಕಿಗೆ ನೀಲಿ ಕಣ್ಣಿರಬಹುದು, ಕಂದು ಇರಬಹುದು, ಒಂದೊಂದು ಒಂದೊಂದು ಬಣ್ಣದ್ದೂ ಇರಬಹುದು. ಮಾಲಮ್ಯೂಟಿನದು ಕಂದೇ.

ಗುಣ ತಿಳಿಯಲು ಬಿಸಿಗಾಳಿಯ ಯಂತ್ರ ಸಾಕು. ಗುಂಡಿ ಒತ್ತಿದ ಕೂಡಲೇ ಹಸ್ಕಿ ತನ್ನ ಕೊಲೆಯಾಗುತ್ತಿದೆ ಎಂದು ಬೀದಿಗೆಲ್ಲ ಸಾರುತ್ತದೆ. ಶಟರು ಇನ್ನಷ್ಟು ಎತ್ತಿದ್ದರೆ ಓಡಿಯೂ ಹೋಗುತ್ತದೆ. ಬಿಳಿ ತುಪ್ಪಳದ ಸಮೊಯೆಡ್ ನಗುಮುಖ ಮಾಡಿಕೊಂಡೇ ಟವೆಲ್ಲು ಕದಿಯುತ್ತದೆ. ಶೆಫರ್ಡ್ ಅವಳ ಕೈಯನ್ನೇ ನೋಡುತ್ತ ಮುಂದಿನ ಅಪ್ಪಣೆಗೆ ಕಾಯುತ್ತದೆ. ಮಾಲಮ್ಯೂಟ್ ಕೂಗುವುದೂ ಇಲ್ಲ, ಕೇಳುವುದೂ ಇಲ್ಲ. ಕೂತುಬಿಡುತ್ತದೆ.

ಹಾಗೆ ಕೂತುಬಿಟ್ಟದ್ದೇ ಈ ನಾಯಿ. ಮರಿಯಾಗಿದ್ದಾಗ ಒಬ್ಬಾತ ಹಸ್ಕಿ ಎಂದು ಹೇಳಿ ಸ್ನಾನಕ್ಕೆ ಬಿಟ್ಟುಹೋದವನು ಮತ್ತೆ ಆ ಕಡೆ ತಲೆಹಾಕಲಿಲ್ಲ. ಫೋನು ಮಾಡಿದರೆ ನಂಬರೇ ಚಾಲ್ತಿಯಲ್ಲಿರಲಿಲ್ಲ. ಅವಳು ಮನೆಗೆ ತಂದಳು. ಗಂಡ ತೀರಿಕೊಂಡ ಮೇಲೆ ಮನೆಯಲ್ಲಿದ್ದದ್ದು ಅತ್ತೆ, ಸೊಸೆ ಇಬ್ಬರೇ. ಒಂದು ವಾರ ನೋಡಿ ಅತ್ತೆಯೇ ಹೆಸರಿಟ್ಟರು: "ಬಂದ, ಕೂತ, ಉಂಡ. ಹೊರಡೋ ಮಾತೇ ಇಲ್ಲ. ಇವನು ಅಳಿಯಾನೇ."

ಅಳಿಯ ಬೆಳೆದ, ಬೆಳೆಯುತ್ತಲೇ ಹೋದ. ಅಷ್ಟು ಹೊತ್ತಿಗೆ ಅಪಾರ್ಟ್‌ಮೆಂಟಿನಲ್ಲಿ ಬೆಳಗ್ಗೆ ಬೆಳಗ್ಗೆ ಊಳಿಡುವ ಸದ್ದು ಕೇಳತೊಡಗಿತು. ಊಳಿಡುತ್ತಿದ್ದದ್ದು ಮ್ಯಾನೇಜರರ ಹಸ್ಕಿ. ಆದರೆ ಸದ್ದು ಕೇಳಿ ಬಾಲ್ಕನಿಗೆ ಬಂದವರಿಗೆ ಮೂರನೇ ಮಹಡಿಯ ಬಾಲ್ಕನಿಯಲ್ಲಿ ಕಂಡದ್ದು ಅಳಿಯನ ಬೂದು ತಲೆ. ಊಳಿಡುವವನು ಇವನೇ ಎಂದು ಅಲ್ಲಿಗೆ ತೀರ್ಮಾನವಾಯಿತು. ಅದರ ಮೇಲೆ ಒಂದು ದಿನ ಲಿಫ್ಟಿನ ಬಾಗಿಲಲ್ಲಿ ಆ ಹಸ್ಕಿ ಆಡೋಣ ಬಾ ಎಂದು ಮೈಮೇಲೆ ಬಿದ್ದಾಗ ಅಳಿಯ ತುಟಿ ಎತ್ತಿ ಹಲ್ಲು ತೋರಿಸಿದ. ಕಚ್ಚಲಿಲ್ಲ, ತುಪ್ಪಳದಕ್ಕ ಅಷ್ಟರಲ್ಲಿ ಇಬ್ಬರ ನಡುವೆ ನಿಂತಿದ್ದಳು. ಮ್ಯಾನೇಜರು ಮಾತ್ರ ಅಂದೇ ಸಂಘಕ್ಕೆ ಅರ್ಜಿ ಬರೆದರು: ಮೂರನೇ ಮಹಡಿಯಲ್ಲಿ ತೋಳದ ತಳಿಯ ಪ್ರಾಣಿ ಇದೆ, ಹೊರಗೆ ಹಾಕಿಸಿ.

ಸೆಕ್ರೆಟರಿ ಚಹಾ ಕುಡಿದು ಎದ್ದುಹೋದ ಮೇಲೆ ಅತ್ತೆ ಶುರುಮಾಡಿದರು.

"ಹಸ್ಕಿ ಅಂದ್ರೆ ನಿನ್ನ ಗಂಟೇನು ಹೋಗುತ್ತೆ?"

"ನನ್ನ ಗಂಟಲ್ಲ ಅತ್ತೆ, ಇವನ ಗತಿ. ಹಸ್ಕಿ ಅಂದ್ರೆ ಜನ ಹಸ್ಕಿ ಥರಾನೇ ನಡೆಸ್ಕೋತಾರೆ. ಟೆರೇಸ್ ಮೇಲೆ ಬಿಡು ಅಂತಾರೆ. ಅಲ್ಲಿ ಇನ್ನೊಂದು ಗಂಡುನಾಯಿ ಬಂದು ಇವನ ಮೈಮೇಲೆ ಬೀಳುತ್ತೆ. ಇವನು ಸುಮ್ನಿರ್ತಾನಾ? ಆಗ ಏನಂತಾರೆ? ಹಸ್ಕಿಗೆ ಹುಚ್ಚು ಹಿಡೀತು ಅಂತಾರೆ."

"ಮನುಷ್ಯರನ್ನ ಕಂಡ್ರೆ ಹಸು ಥರ ಇರ್ತಾನಲ್ಲೇ."

"ಮನುಷ್ಯರ ಜೊತೆ ಹಸು. ಗಂಡುನಾಯಿ ಜೊತೆ ಅಲ್ಲ. ಅದು ಇವನ ತಪ್ಪೂ ಅಲ್ಲ, ಇವನ ಜಾತಿ ಗುಣ. ಮುಚ್ಚಿಟ್ರೆ ಮಾತ್ರ ನನ್ನ ತಪ್ಪು."

"ನಿಜ ಹೇಳಿದ್ರೆ ಹೊರಗೆ ಹಾಕ್ತಾರೆ."

"ಹಾಕ್ಲಿ ನೋಡೋಣ."

ಅತ್ತೆ ಅವಳ ಮುಖವನ್ನೇ ನೋಡಿದರು. "ನೀನೂ ಅವನ ಜಾತೀನೇ. ಕೂತ್ರೆ ಏಳಲ್ಲ," ಎಂದು ಗೊಣಗಿ ಒಳಗೆ ಹೋದರು.

ಮೀಟಿಂಗು ನಡೆದದ್ದು ಕಾರು ನಿಲ್ಲಿಸುವ ಜಾಗದಲ್ಲಿ, ಪ್ಲಾಸ್ಟಿಕ್ ಕುರ್ಚಿಗಳ ಮೇಲೆ. ತುಪ್ಪಳದಕ್ಕ ಒಂದು ಕೈಯಲ್ಲಿ ಅತ್ತೆಯನ್ನು, ಇನ್ನೊಂದರಲ್ಲಿ ಅಳಿಯನನ್ನು ಹಿಡಿದು ಬಂದಳು. ಮುಂದಿನ ಸಾಲು ಕುರ್ಚಿಸಮೇತ ಹಿಂದಕ್ಕೆ ಸರಿಯಿತು. ಖಾಲಿಯಾದ ಜಾಗದಲ್ಲಿ ಅಳಿಯ ಮಲಗಿಬಿಟ್ಟ.

ಸೆಕ್ರೆಟರಿ ಗಂಟಲು ಸರಿಮಾಡಿಕೊಂಡರು. "ಎಲ್ಲರ ಸಂಶಯ ಒಂದೇ. ಇದು ತೋಳಾನಾ, ಹಸ್ಕೀನಾ? ಅವರ ಬಾಯಲ್ಲೇ ಕೇಳೋಣ." ಹಸ್ಕಿ ಎಂಬ ಪದವನ್ನು ಸ್ವಲ್ಪ ಒತ್ತಿಯೇ ಹೇಳಿದರು.

"ಎರಡೂ ಅಲ್ಲ," ಎಂದಳು ಅವಳು. "ತೋಳ ಆಗಿದ್ರೆ ಇಷ್ಟು ಜನರ ನಡುವೆ ಹೀಗೆ ಬಿದ್ಕೊಂಡಿರ್ತಿರ್ಲಿಲ್ಲ. ಹಸ್ಕಿ ಆಗಿದ್ರೆ ಇಷ್ಟೊತ್ತಿಗೆ ನಿಮ್ಮೆಲ್ಲರ ತೊಡೆ ಮೇಲೆ ಹತ್ತಿಳೀತಿತ್ತು. ಇದು ಮಾಲಮ್ಯೂಟ್. ಹಸ್ಕಿ ಓಟಕ್ಕೆ, ಇದು ಭಾರ ಎಳೆಯೋಕೆ. ಜನಕ್ಕೆ ಏನೂ ಮಾಡಲ್ಲ. ಆದ್ರೆ ಬೇರೆ ಗಂಡುನಾಯಿ ಮೈಮೇಲೆ ಬಂದ್ರೆ ಜಗಳಕ್ಕೆ ಬೀಳುತ್ತೆ."

ಸೆಕ್ರೆಟರಿ ಕಣ್ಣು ಮುಚ್ಚಿಕೊಂಡರು.

"ಕೇಳಿದ್ರಾ?" ಮ್ಯಾನೇಜರು ಎದ್ದು ನಿಂತರು. "ಅವರೇ ಒಪ್ಕೊಂಡ್ರು. ಜಗಳಗಂಟ ನಾಯಿ."

"ಹೌದು ಸಾರ್, ಒಪ್ಕೊಂಡೆ. ನಿಮ್ಮದು ದಿನಾ ಬೆಳಗ್ಗೆ ಊಳಿಡುತ್ತೆ. ಅದನ್ನ ನೀವು ಒಪ್ಕೊಂಡಿಲ್ಲ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಾಲ್ಕನೇ ಮಹಡಿಯ ಟೀಚರು ಮಾತ್ರ ನಗಲಿಲ್ಲ. "ನೋಡಿದ್ರೆ ಎದೆ ಧಸಕ್ ಅನ್ನುತ್ತಲ್ರೀ. ಅದಕ್ಕೇನು ಹೇಳ್ತೀರಾ?"

ಅದು ಸುಳ್ಳು ಭಯವಲ್ಲ ಎಂದು ತುಪ್ಪಳದಕ್ಕನಿಗೆ ಗೊತ್ತಿತ್ತು. "ಅನ್ನುತ್ತೆ ಮೇಡಂ. ಅದಕ್ಕೆ ನಾನು ಹಗ್ಗ ಬಿಡಲ್ಲ. ಇನ್ನೊಂದು ನಾಯಿ ಲಿಫ್ಟ್‌ನಲ್ಲಿದ್ರೆ ನಾವು ಹತ್ತಲ್ಲ. ಟೆರೇಸ್‌ಗೆ ಬರಲ್ಲ. ಇಷ್ಟು ನಾನು ಮಾಡ್ತೀನಿ. ಇವನ ಮುಖ ಬದಲಾಯಿಸು ಅಂದ್ರೆ ಆಗಲ್ಲ."

ಅಷ್ಟು ಹೇಳಿದರೂ ಸೆಕ್ರೆಟರಿ ಕೈ ಎತ್ತಿಸಿದಾಗ ನಾಯಿ ಹೋಗಲಿ ಎನ್ನುವ ಕೈಗಳೇ ಹೆಚ್ಚಾದವು. ಟೀಚರ ಕೈಯೂ ಮೇಲಿತ್ತು. ತುಪ್ಪಳದಕ್ಕ ಒಂದೊಂದೇ ಮುಖವನ್ನು ನೋಡಿದಳು.

"ಕೈ ಇಳಿಸ್ಕೊಳ್ಳಿ, ನೋವಾಗುತ್ತೆ. ಅಳಿಯ ಎಲ್ಲಿಗೂ ಹೋಗಲ್ಲ."

"ಇದು ಸಂಘದ ತೀರ್ಮಾನ ಕಣ್ರೀ," ಎಂದರು ಮ್ಯಾನೇಜರು.

"ಇದು ನಮ್ಮನೆ ತೀರ್ಮಾನ. ಯಾರನ್ನೂ ಕಚ್ಚದೇ ಇರೋ ನಾಯೀನ ಮುಖ ಚೆನ್ನಾಗಿಲ್ಲ ಅಂತ ಬೀದಿಗೆ ಹಾಕು ಅನ್ನೋ ಕಾನೂನು ಇದ್ರೆ, ಕೋರ್ಟಿಂದ ಬರೆಸ್ಕೊಂಡು ಬನ್ನಿ. ಹೇಗೂ ಬರೆಸ್ತೀರಲ್ಲ, ಮಾಲಮ್ಯೂಟ್ ಅಂತಾನೇ ಬರೆಸಿ. ತೋಳ ಅಂತ ಬರೆದ್ರೆ ಆ ಹೆಸರಿನವರು ನಮ್ಮನೇಲಿ ಯಾರೂ ಇಲ್ಲ."

ಅತ್ತೆ ಕುರ್ಚಿಯಿಂದಲೇ ಸೇರಿಸಿದರು: "ಮನೆ ನನ್ನ ಹೆಸರಲ್ಲಿದೆ. ಅಳಿಯನ್ನ ಹೊರಗೆ ಹಾಕಿದ ಅತ್ತೆ ಅಂತ ಈ ವಯಸ್ಸಲ್ಲಿ ನನಗೆ ಹೆಸರು ಬೇಡ."

ನಗು ಈ ಸಲ ಮುಂದಿನ ಸಾಲಿಗೂ ಬಂತು. ಆದರೆ ಎತ್ತಿದ ಕೈಗಳು ಎತ್ತಿದ್ದೇ, ತೀರ್ಮಾನ ತೀರ್ಮಾನವೇ. ಅದನ್ನು ಜಾರಿ ಮಾಡುವವರು ಯಾರು ಎಂಬಲ್ಲಿಗೆ ಬಂದಾಗ ಎಲ್ಲರೂ ಸೆಕ್ರೆಟರಿಯ ಕಡೆ ನೋಡಿದರು, ಸೆಕ್ರೆಟರಿ ಅಳಿಯನ ಕಡೆ ನೋಡಿದರು. ಅಳಿಯ ಏಳಲಿಲ್ಲ.

ಮರುದಿನ ಬೆಳಗ್ಗೆ ಅವಳು ಎಂದಿನಂತೆ ಅಳಿಯನೊಂದಿಗೆ ಲಿಫ್ಟಿನಲ್ಲೇ ಇಳಿದಳು. ಮೊದಲನೇ ಮಹಡಿಯಲ್ಲಿ ಬಾಗಿಲು ತೆರೆಯಿತು. ಎದುರಿಗೆ ಮ್ಯಾನೇಜರು, ಜೊತೆಗೆ ಹಸ್ಕಿ. ಅವರ ಕರಿಯ ಪ್ಯಾಂಟು ಮಂಡಿಯವರೆಗೆ ಬೆಳ್ಳಗಾಗಿತ್ತು; ಹಸ್ಕಿ ಒಳತುಪ್ಪಳ ಉದುರಿಸುವ ಕಾಲ. ಆಡೋಣ ಎಂದು ಮುಂದೆ ಬಂದ ಹಸ್ಕಿಯನ್ನು ಅವರು ಎರಡೂ ಕೈಯಿಂದ ಹಿಂದಕ್ಕೆಳೆದು ಗೋಡೆಗೆ ಒತ್ತಿ ನಿಂತರು.

"ನೀವು ಹೋಗಿ, ನಾವು ಆಮೇಲೆ ಬರ್ತೀವಿ," ಎಂದರು. ಬಾಗಿಲು ಮುಚ್ಚುವ ಮೊದಲು ದನಿ ತಗ್ಗಿಸಿ ಕೇಳಿದರು: "ಇವತ್ತು ಅಂಗಡಿ ತೆಗೀತೀರಾ? ಇದನ್ನ ಸ್ವಲ್ಪ ಬಾಚಿಸ್ಬೇಕಿತ್ತು."

ತುಪ್ಪಳದಕ್ಕ ಬಾಗಿಲಿಗೆ ಕೈ ಅಡ್ಡ ಹಿಡಿದಳು.

"ತೆಗೀತೀನಿ, ಕರ್ಕೊಂಡ್ಬನ್ನಿ. ಅರ್ಜಿಯಲ್ಲಿ ತೋಳ ಅಂತ ಬರೆದಿದ್ದೀರಲ್ಲ, ಮೊದಲು ಅದನ್ನ ತಿದ್ದಿ ಬನ್ನಿ."