ಲಲಿತಕ್ಕ ಕೊಡಿಸಿದ ಕಿತ್ತಳೆ ಜಾಕೆಟ್

ಮಾರಾಯ್ರೆ, ಇವತ್ತು ಸುಳ್ಯದ ಬಟ್ಟೆ ಅಂಗಡಿಯಲ್ಲಿ ಆದದ್ದನ್ನು ಹೇಳದೆ ಇರಲಾರೆ.

ನಮ್ಮ ನೆರೆಮನೆಯ ಲಲಿತಕ್ಕ ಮಗ ದಿನೇಶನನ್ನು ಕರಕೊಂಡು ಅವನಿಗೆ ಅಂಗಿ, ಬೂಟು ಕೊಡಿಸಲು ಬಂದಿದ್ದರು. ಹಂದಿ ಓಡಿಸಲು ಕಾಡಿಗೆ ಮನೆಗೊಬ್ಬ ಗಂಡಸು ಹೋಗಬೇಕೆಂಬುದು ನಮ್ಮೂರ ಕಟ್ಟಳೆ. ಶಿಕಾರಿ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆ ಮನೆಯಲ್ಲಿ ಈಗ ಇರುವ ಗಂಡಸು ದಿನೇಶ ಒಬ್ಬನೇ.

ಅಂಗಡಿಯವರು ಎಲೆಬಣ್ಣದ ಮಿಲಿಟರಿ ಅಂಗಿ ಬಿಡಿಸಿದರು. "ಇದು ಹಾಕಿ ಕಾಡಿನ ಪೊದೆ-ಬಲ್ಲೆಯೊಳಗೆ ಕೂತ್ರೆ ಪಕ್ಕದವನಿಗೂ ಗೊತ್ತಾಗುದಿಲ್ಲ ಅಕ್ಕ. ರೇಟೂ ಕಮ್ಮಿ. ಬೂಟಿಗೆ ದುಡ್ಡು ಉಳೀತದೆ."

ಲಲಿತಕ್ಕ ಅಂಗಿಯನ್ನು ಹಿಂದಕ್ಕೆ ತಳ್ಳಿದರು. "ಅದೇ ಬೇಡ. ಇವನ ಅಪ್ಪ ಬಲ್ಲೆಯಲ್ಲಿ ಕೂತದ್ದು ಪಕ್ಕದವನಿಗೆ ಗೊತ್ತಾಗ್ಲಿಲ್ಲ. ಹಂದಿ ಅಂತ ಗುಂಡು ಹೊಡೆದ."

ಅಂಗಡಿಯವರು ಅಂಗಿಯನ್ನು ಮಡಚಿಟ್ಟರು. ಲಲಿತಕ್ಕ ಮೂಲೆಯಲ್ಲಿ ತೂಗುತ್ತಿದ್ದ, ಬೈಕಿನವರು ಹಾಕುವ ಕಿತ್ತಳೆ ಬಣ್ಣದ ಜಾಕೆಟ್ ತೋರಿಸಿದರು. ರೇಟು ಎರಡರಷ್ಟು.

"ಇದು ಹಾಕಿದ್ರೆ ಎಲ್ಲರೂ ನಗಾಡ್ತಾರೆ ಅಮ್ಮ."

"ನಗಾಡ್ಲಿ. ನಗಾಡ್ಬೇಕಾದ್ರೆ ಅವರಿಗೆ ನೀನು ಕಾಣ್ಬೇಕಲ್ಲ?"

"ಮತ್ತೆ ಬೂಟು?"

"ಅದಕ್ಕೆ ದುಡ್ಡಿಲ್ಲ ಮಗಾ. ಕಾಲಿಗೆ ಮುಳ್ಳು ಹೊಕ್ಕಿದ್ರೆ ನಾನು ತೆಗೀತೇನೆ."

ಮೂವತ್ತು ವರ್ಷದಿಂದ ಕಾಡಿಗೆ ಹೋಗುವ ನಮಗೆ ಇಷ್ಟು ಬುದ್ಧಿ ಹೊಳೆದಿರಲಿಲ್ಲ. ನಾನೂ ಅಂಥದ್ದೇ ಜಾಕೆಟ್ ಕೇಳಿದೆ. ಇದ್ದದ್ದು ಅದೊಂದೇ ಅಂತೆ. ಮಿಲಿಟರಿ ಬಣ್ಣದ್ದಾದರೆ ಎಷ್ಟು ಬೇಕಾದರೂ ಉಂಟಂತೆ.