ಬೈಲಕುಪ್ಪೆಯ ಗೆಳತಿಯ ಜೊತೆ ಮೂರು ನಗರ

ಜ್ಯೂರಿಕ್ ವಿಮಾನ ನಿಲ್ದಾಣದಲ್ಲಿ ಗಾಜಿನ ಹಿಂದೆ ಕೂತಿದ್ದ ಹೆಂಗಸು ನನ್ನ ಪಾಸ್‌ಪೋರ್ಟನ್ನು ಒಮ್ಮೆ ನೋಡಿ ಮುದ್ರೆ ಒತ್ತಿದಳು. ನನ್ನ ಹಿಂದಿದ್ದ ಗೆಳತಿಯ ಹಳದಿ ಹೊದಿಕೆಯ ಪುಸ್ತಕವನ್ನು ಮಾತ್ರ ಹಿಂದೆ ಮುಂದೆ ತಿರುಗಿಸಿ, ಫೋನೆತ್ತಿ ಯಾರನ್ನೋ ಕರೆದಳು. ಸಮವಸ್ತ್ರದವನೊಬ್ಬ ಬಂದು ಗೆಳತಿಯನ್ನು ಪಕ್ಕದ ಕೋಣೆಗೆ ಕರೆದುಕೊಂಡು ಹೋದ. ನಾನು ಆಚೆ ಬದಿಯ ಬೆಂಚಿನ ಮೇಲೆ ಇಬ್ಬರ ಕೈಚೀಲಗಳನ್ನೂ ತೊಡೆಯ ಮೇಲಿಟ್ಟುಕೊಂಡು ಕೂತೆ. ನಮ್ಮ ವಿಮಾನದಲ್ಲಿ ಬಂದವರೆಲ್ಲ ಹೊರಟುಹೋದರು. ಇನ್ನೊಂದು ವಿಮಾನದವರು ಬಂದು ಸಾಲು ನಿಂತರು. ಆಮೇಲೆ ಅವಳು ನಗುತ್ತಾ ಬಂದಳು.

"ಏನಂತೆ?"

"ಯಾವ ದೇಶ ಅಂದ್ರು. ಪಿರಿಯಾಪಟ್ಟಣ ತಾಲ್ಲೂಕು ಅಂದೆ ಕಣೇ. ಬುಟ್ಬುಟ್ರು."

ನಾನೂ ನಕ್ಕೆ. ಅವಳ ಕೈ ಬೆವೆತಿದ್ದು ಚೀಲ ಕೊಡುವಾಗ ಗೊತ್ತಾಯಿತು.

ಅವಳು ಬೈಲಕುಪ್ಪೆಯ ಟಿಬೆಟನ್ ಕ್ಯಾಂಪಿನವಳು. ನಾಲ್ಕು ವರ್ಷದವಳಾಗಿದ್ದಾಗ ತಾಯಿಯ ಬೆನ್ನ ಮೇಲೆ ಹಿಮ ದಾಟಿ ಬಂದವಳು. ಕ್ಯಾಂಪಿನ ಜೋಳದ ಹೊಲಕ್ಕೆ ಕೂಲಿಗೆ ಬರುತ್ತಿದ್ದ ನಮ್ಮ ಕಡೆಯ ಹೆಂಗಸರ ಜೊತೆ ಆಡಿ ಕಲಿತ ಕನ್ನಡ ಅವಳದು. ಬೆಟ್ಟದಪುರದ ಹತ್ತಿರ ತಂಬಾಕು ಬೆಳೆಯುವ ಮನೆಯಲ್ಲಿ ಹುಟ್ಟಿದ ನನ್ನ ಮಾತು ಮೇಷ್ಟ್ರ ಕೆಲಸದಿಂದ ತೊಳೆದ ಹಾಗಾಗಿದೆ. ಅವಳದು ಹಾಗೆಯೇ ಉಳಿದಿದೆ. ಹುಣಸೂರಿನ ಕಾಲೇಜಿಗೆ ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದಾಗಿನಿಂದ ನಾವು ಗೆಳತಿಯರು. ಅವಳ ಗಂಡ ಬೇಗ ತೀರಿಕೊಂಡ. ಮಗಳು ಕ್ಯಾಂಪಿನಲ್ಲೇ ಹುಟ್ಟಿದ್ದರೂ ಅವಳಿಗೆ ಸಿಗುವುದೂ ಅದೇ ಹಳದಿ ಪುಸ್ತಕ. ಅದು ಪಾಸ್‌ಪೋರ್ಟ್ ಅಲ್ಲ, ಯಾವ ದೇಶದ ಪೌರರೂ ಅಲ್ಲದ ಟಿಬೆಟನ್ನರಿಗೆ ಭಾರತ ಸರ್ಕಾರ ಕೊಡುವ ಗುರುತಿನ ಪತ್ರ ಮಾತ್ರ.

ಜ್ಯೂರಿಕ್‌ನಲ್ಲಿರುವ ಅವಳ ಚಿಕ್ಕಮ್ಮನ ಮಗಳು ಬೇಸಿಗೆ ರಜೆಗೆ ನಮ್ಮಿಬ್ಬರನ್ನೂ ಕರೆಸಿಕೊಂಡಳು. ಜ್ಯೂರಿಕ್, ಬ್ರಸೆಲ್ಸ್, ಪ್ಯಾರಿಸ್, ಎರಡು ವಾರ. ಗೆಳತಿಯ ಮಗಳು ಹುಣಸೂರಿನಲ್ಲಿ ಪಿಯುಸಿ ಓದುತ್ತಿದ್ದಳು, ರಜೆಯಲ್ಲೂ ಟ್ಯೂಷನ್ ಇತ್ತು. ಅದಕ್ಕೆ ಅವಳನ್ನು ಅದೇ ಊರಿನಲ್ಲಿರುವ ನಮ್ಮ ಮನೆಯಲ್ಲೇ ಬಿಟ್ಟಿದ್ದೆವು. ನನ್ನ ಅತ್ತೆಗೆ ಆ ಹುಡುಗಿ ಎಂದರೆ ಪ್ರಾಣ.

ಹೊರಡುವ ದಿನ ಗೆಳತಿಯ ಸೂಟ್‌ಕೇಸ್ ಮುಚ್ಚಲಾಗದೆ ನಾನು ಅದರ ಮೇಲೆ ಕೂತಿದ್ದೆ. ಒಳಗೆ ದಪ್ಪ ಉಣ್ಣೆ ಕೋಟುಗಳು, ಸ್ವೆಟರುಗಳು.

"ಮೇ ತಿಂಗಳಲ್ಲಿ ಅಲ್ಲಿ ಹಿಮ ಬೀಳುತ್ತಾ?" ಅಂದಿದ್ದೆ.

"ಸ್ವೆಟರ್ ವ್ಯಾಪಾರದವಳು ಸ್ವೆಟರ್ ತಗಂಡೋಗ್ದೆ ಏನ್ ಬದನೆಕಾಯಿ ತಗಂಡೋಗ್ಲಾ?"

ಚಳಿಗಾಲದಲ್ಲಿ ಊರೂರು ತಿರುಗಿ ಸ್ವೆಟರ್ ಮಾರುವವಳು. ನೆಂಟರಿಗೆ ಒಯ್ಯುತ್ತಿದ್ದಾಳೆ ಎಂದುಕೊಂಡೆ. ಆದರೆ ಜ್ಯೂರಿಕ್‌ನ ತಂಗಿಯ ಮನೆಯಲ್ಲಿ ಆ ಸೂಟ್‌ಕೇಸಿನಿಂದ ಒಂದು ಸ್ವೆಟರೂ ಹೊರಬರಲಿಲ್ಲ.

ತಂಗಿ ವೃದ್ಧರನ್ನು ನೋಡಿಕೊಳ್ಳುವ ಮನೆಯೊಂದರಲ್ಲಿ ಕೆಲಸ ಮಾಡುತ್ತಿದ್ದಳು. ನಮ್ಮನ್ನು ಸರೋವರಕ್ಕೆ ಕರೆದುಕೊಂಡು ಹೋದಳು, ಬಗೆಬಗೆಯ ಚೀಸ್ ತಿನ್ನಿಸಿದಳು. ಅಕ್ಕತಂಗಿಯರು ಟಿಬೆಟನ್‌ನಲ್ಲಿ ಮಾತಾಡಿಕೊಳ್ಳುವಾಗ ನಾನು ಕಿಟಕಿಯಾಚೆ ನೋಡುತ್ತಾ ಕೂರುತ್ತಿದ್ದೆ. ಬ್ರಸೆಲ್ಸ್‌ನಲ್ಲಿ ನಾವು ಉಳಿದದ್ದು ತಂಗಿಗೆ ಪರಿಚಯದ ದಂಪತಿಗಳ ಮನೆಯಲ್ಲಿ. ಸಂಜೆ ಅವರ ಅಡುಗೆಮನೆಯಲ್ಲಿ ಐದಾರು ಜನ ಸೇರಿದರು. ಎಲ್ಲರೂ ನನಗೆ ಕೈಮುಗಿದರು, ಮೊಮೊ ಬಡಿಸಿದರು. ಗೆಳತಿ ಏನೋ ಕೇಳುವಳು, ಒಬ್ಬೊಬ್ಬರೂ ಉದ್ದವಾಗಿ ಉತ್ತರ ಹೇಳುವರು, ಅವಳು ತಲೆಯಾಡಿಸುವಳು. ನಾನು ನೀರು ಕುಡಿಯಲು ಎದ್ದು ಹತ್ತಿರ ಹೋದಾಗ ಮಾತು ನಿಂತಿತು. ಅವರು ಮಾತಾಡುವ ಭಾಷೆ ನನಗೆ ಬರುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಆದರೂ ನಿಂತಿತು.

"ಏನು ಮಾತು?" ಎಂದು ಮಲಗುವಾಗ ಕೇಳಿದೆ.

"ಅವರವರ ಕಷ್ಟ ಸುಖ. ಮಲಕ್ಕಳೇ."

ಪ್ಯಾರಿಸ್‌ನಲ್ಲಿ ರೈಲಿಳಿದಾಗ ನಮ್ಮನ್ನು ಕರೆದೊಯ್ಯಲು ಬಂದವಳು ನಮ್ಮ ವಯಸ್ಸಿನ ಒಬ್ಬ ಹೆಂಗಸು. ಹೋಟೆಲಿನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಕೆಲಸ. ನನ್ನ ಸೀರೆ ನೋಡಿ ನಿಂತುಬಿಟ್ಟಳು.

"ಯಾವೂರು ನಿಮ್ದು?"

ಪ್ಯಾರಿಸ್‌ನಲ್ಲಿ ಕನ್ನಡ! ನಾನು ಬಾಯಿ ಬಿಡುವ ಮೊದಲೇ ಗೆಳತಿ ಅವಳ ಬೆನ್ನಿಗೊಂದು ಗುದ್ದಿ, "ಇವಳೂ ನಮ್ ಕ್ಯಾಂಪೇ ಕಣೇ" ಎಂದಳು.

ಆ ಹೆಂಗಸು ದಾರಿಯುದ್ದಕ್ಕೂ ನನ್ನನ್ನು ಕೇಳುತ್ತಲೇ ಬಂದಳು. ಹುಣಸೂರು ಬಸ್‌ಸ್ಟ್ಯಾಂಡ್ ಮುಂದೆ ಇನ್ನೂ ಅಷ್ಟೇ ಗಲಾಟೆಯಾ? ಈ ಸಲ ಮಳೆ ಬಂತಾ? ಹೊಗೆಸೊಪ್ಪಿನ ಸಸಿ ನಾಟಿ ಆಯ್ತಾ? ಮನೆ ಎಂದರೆ ಒಂದೇ ಕೋಣೆ, ಮೂರು ಮಂಚ. ಗೆಳತಿ ಸ್ನಾನಕ್ಕೆ ಹೋದಳು. ಹೆಂಗಸು ನನಗೆ ತನ್ನ ಮಗನ ಫೋಟೊ ತೋರಿಸಿದಳು. ಮೀಸೆ ಚಿಗುರುತ್ತಿದ್ದ ಹುಡುಗ.

"ಬುಟ್ಟು ಬಂದಾಗ ಒಂದನೇ ಕ್ಲಾಸು. ಇಲ್ಲಿರಾಕೆ ಕಾಗದ ಪತ್ರ ಆದ ಮ್ಯಾಕೆ ಕರಸ್ಕತೀನಿ ಅಂತ ಬಂದೆ. ಈಗ ಕರದ್ರೆ ಬರಾಕಿಲ್ಲ ಅಂತಾನೆ."

"ಯಾಕೆ?"

"ನೀನು ಯಾರು ಅಂತಾನೆ." ಅವಳು ನಕ್ಕಳು. ಆಮೇಲೆ ಮೂರನೆಯ ಮಂಚದ ಮೇಲಿನ ಹೊದಿಕೆ ಸರಿಮಾಡುತ್ತಾ, ಸಮಾಧಾನ ಹೇಳುವವಳಂತೆ ಹೇಳಿದಳು: "ಇವಳ ಮಗಳು ದೊಡ್ಡವಳು ಬುಡಿ, ಅರ್ಥ ಮಾಡ್ಕತಾಳೆ. ನಿಮ್ಮನೇಲೇ ಇರ್ತಾಳಂತಲ್ಲ. ನೀವೇನೂ ಯೋಚ್ನೆ ಮಾಡ್ಬ್ಯಾಡಿ, ಇವಳು ನನ್ ಜೊತೆ ಇದೇ ಮಂಚದ ಮ್ಯಾಲೆ ಇರ್ಲಿ."

ನನಗೆ ಮೊದಲು ಅರ್ಥವಾಗಲಿಲ್ಲ. ನಂತರ ಆ ಸೂಟ್‌ಕೇಸಿನ ಉಣ್ಣೆ ಕೋಟುಗಳು ನೆನಪಾಗಿ ಅರ್ಥವಾಯಿತು. ಒಳಗೆ ನೀರು ಬೀಳುವ ಸದ್ದು ಕೇಳುತ್ತಲೇ ಇತ್ತು.

ಸಂಜೆ ನದಿಯ ದಂಡೆಗೆ ಹೋದೆವು. ಊರಿಗೂರೇ ಅಲ್ಲಿ ಬಂದು ಕೂತ ಹಾಗಿತ್ತು. ನಾನು ನಡೆಯುವುದನ್ನು ನಿಲ್ಲಿಸಿದೆ.

"ನೀನು ವಾಪಸ್ ಬರಲ್ವಾ?"

ಅವಳು ನನ್ನನ್ನು ನೋಡಲಿಲ್ಲ. "ಅವಳು ಬಾಯಿ ಬುಟ್ಟುಬುಟ್ಲಾ? ನಿಂಗೆ ಗೊತ್ತಿಲ್ಲ ಅಂತ ಅವಳಿಗೆ ಹೇಳಿರ್ಲಿಲ್ಲ."

"ಮಗಳಿಗೆ ಗೊತ್ತಾ?"

"ಇಲ್ಲ."

"ನಮ್ಮ ಮನೇಲಿ ಎರಡು ವಾರಕ್ಕೆ ಅಂತ ಬಿಟ್ಟಿದೀಯ."

"ನಿನ್ನ ಬುಟ್ಟು ಇನ್ಯಾರತ್ರ ಬುಡ್ಲೇ?" ಎಂದಳು. ಆಮೇಲೆ ಧ್ವನಿ ತಗ್ಗಿಸಿ, "ಮೊನ್ನೆ ಏರ್‌ಪೋರ್ಟಿನ ಆ ರೂಮಲ್ಲಿ ಏನ್ ಕೇಳಿದ್ರು ಗೊತ್ತಾ? ನಗಾಡ್ಕಂಡು ಬಂದೆ ನಾನು. ಅವಳೂ ಹಂಗೇ ನಗಾಡ್ಕಂಡು ಬರ್ಬೇಕಾ, ಎಲ್ಲೋದ್ರೂ? ಇಲ್ಲಿ ನಂಗೆ ಕಾಗದ ಆದ್ರೆ ಅವಳಿಗೂ ಆಯ್ತದೆ. ಒಂದು ದೇಶ ಅಂತ ಆಯ್ತದೆ."

"ಎಷ್ಟು ವರ್ಷಕ್ಕೆ?"

ಆ ಹುಡುಗನ ಫೋಟೊ ಅವಳೂ ನೋಡಿದ್ದಳು. ನಾನು ಆ ಹುಡುಗನ ಮಾತೆತ್ತಲಿಲ್ಲ. ಎತ್ತಿದ್ದರೆ ಅವಳು ನನ್ನ ಜೊತೆ ವಾಪಸ್ ಬಂದುಬಿಡುತ್ತಿದ್ದಳೋ ಏನೋ. ಆದರೆ ಹಾಗೆ ಬಂದಿದ್ದರೆ, ಒಂದು ದೇಶದ ಬದಲಿಗೆ ಅವಳ ಮಗಳಿಗೆ ನನ್ನ ಕೈಯಲ್ಲಿ ಏನು ಕೊಡಲು ಸಾಧ್ಯವಿತ್ತು ಎಂದು ಇವತ್ತಿಗೂ ನನಗೆ ತಿಳಿಯದು.

"ನೀನೇ ಹೇಳ್ಬುಡೇ," ಎಂದಳು. "ಮನೆಗೋಗಿ, ಪಕ್ಕದಲ್ಲಿ ಕೂರಿಸ್ಕಂಡು ಹೇಳು. ನೀನು ಮೇಷ್ಟ್ರಮ್ಮ, ನಿನ್ನ ಮಾತು ಕೇಳ್ತಾಳೆ."

"ಅವಳು ಎಷ್ಟು ವರ್ಷ ಬೇಕಾದ್ರೂ ನಮ್ಮನೇಲಿ ಇರ್ಲಿ. ನನ್ನ ಮಗಳ ಹಂಗೆ ಇರ್ಲಿ. ಆದ್ರೆ ಹೇಳೋದು ನೀನೇ. ನಾನು ವಿಮಾನ ಹತ್ತೋ ಮೊದಲು."

"ನಿಂದು ಕಲ್ಲು ಮನಸ್ಸು ಕಣೇ."

"ಇರ್ಲಿ."

ಎರಡು ದಿನ ಅವಳು ನನ್ನ ಜೊತೆ ಊಟದ ವಿಷಯ ಬಿಟ್ಟು ಬೇರೆ ಮಾತಾಡಲಿಲ್ಲ. ಮೂರನೆಯ ದಿನ ಮಧ್ಯಾಹ್ನ, ಮನೆಯೊಡತಿ ಕೆಲಸಕ್ಕೆ ಹೋದ ಮೇಲೆ, ತಾನಾಗಿಯೇ ಫೋನು ತೆಗೆದುಕೊಂಡು ಕಿಟಕಿಯ ಹತ್ತಿರ ಕೂತಳು. ಹುಣಸೂರಿನಲ್ಲಿ ಆಗ ದೀಪ ಹಚ್ಚುವ ಹೊತ್ತು. ಪರದೆಯ ಮೇಲೆ ನಮ್ಮ ಅಡುಗೆಮನೆ ಕಂಡಿತು, ಹುಡುಗಿಯ ಒದ್ದೆ ಕೂದಲು ಕಂಡಿತು, ಹಿಂದೆ ಅತ್ತೆ ಸೊಪ್ಪು ಬಿಡಿಸುತ್ತಿದ್ದರು.

ತಾಯಿ ಮಗಳು ಟಿಬೆಟನ್‌ನಲ್ಲಿ ಮಾತಾಡಿದರು. ನನಗೆ ಒಂದು ಶಬ್ದವೂ ತಿಳಿಯಲಿಲ್ಲ. ಗೆಳತಿ ಮೊದಲು ಬೇಗ ಬೇಗ ಹೇಳಿದಳು, ಆಮೇಲೆ ನಿಧಾನವಾದಳು, ಆಮೇಲೆ ಒಂದೇ ಮಾತನ್ನು ಮತ್ತೆ ಮತ್ತೆ ಹೇಳತೊಡಗಿದಳು. ಹುಡುಗಿ ಅಳಲಿಲ್ಲ. ಅತ್ತೆ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ಹುಡುಗಿಯ ಮುಖ ನೋಡುತ್ತಿದ್ದರು. ಅವರಿಗೂ ಭಾಷೆ ತಿಳಿಯದು.

"ಏನಾಯ್ತು ಮಗಾ?" ಎಂದರು ಅತ್ತೆ.

ಹುಡುಗಿ ಕನ್ನಡದಲ್ಲಿ, ಅತ್ತೆಗಲ್ಲ, ತಾಯಿಗೂ ಅಲ್ಲ, ನನಗೆ ಹೇಳಿದಳು.

"ಆಂಟಿ, ಅಲ್ಲಿದೀರಾ?"

ನಾನು ಗೆಳತಿಯ ಪಕ್ಕಕ್ಕೆ ಬಗ್ಗಿ ಮುಖ ತೋರಿಸಿದೆ.

"ನೀವಾದ್ರೂ ಬರ್ತೀರ ತಾನೆ?"

"ಬರ್ತೀನಿ ಮಗಾ."

"ಯಾವತ್ತು?"

"ಶುಕ್ರವಾರ."

"ಎಷ್ಟೊತ್ತಿಗೆ?"

ವಿಮಾನ ಬೆಂಗಳೂರಿಗೆ ಬೆಳಿಗ್ಗೆ ಬರುತ್ತದೆ, ಅಲ್ಲಿಂದ ಮೈಸೂರಿಗೆ, ಮೈಸೂರಿನಿಂದ ಹುಣಸೂರಿಗೆ, ಸಂಜೆಯೊಳಗೆ ಮನೆಗೆ ಬಂದೇ ಬರುತ್ತೇನೆ ಎಂದು ಬಿಡಿಸಿ ಹೇಳಿದೆ. ಅವಳು ಗಮನವಿಟ್ಟು ಕೇಳಿ, "ಆಯ್ತು" ಎಂದಳು.

ನಾನು ಫೋನನ್ನು ಗೆಳತಿಯ ಕಡೆಗೆ ತಿರುಗಿಸಿದೆ. ಅಷ್ಟರಲ್ಲಿ ಹುಡುಗಿ ಇಟ್ಟುಬಿಟ್ಟಿದ್ದಳು.