ಎರಡೂ ತುದಿಗೆ ಪ್ಲಗ್ಗಿದ್ದ ವೈರು

ಬೈಲಹೊಂಗಲದ ನಮ್ಮ ಮನೆಗೆ ಜನರೇಟರ್ ಬಂದದ್ದು ಕೋಳಿಮರಿಗಳ ಸಲುವಾಗಿ. ಎಪ್ಪತ್ತರ ದಶಕದ ನಡುವಿನ ವರ್ಷಗಳು ಅವು. ಧಾರವಾಡದಲ್ಲಿ ಸರಕಾರದ ಕೋಳಿ ಸಾಕಣೆಯ ತರಬೇತಿ ಮುಗಿಸಿ ಬಂದ ನಾನು, ಹಿತ್ತಲ ಕೋಣೆಯಲ್ಲಿ ಮೊಟ್ಟೆಗೆ ಕಾವು ಕೊಡುವ ಯಂತ್ರವೊಂದನ್ನು ಇಟ್ಟಿದ್ದೆ. ನೋಡಲು ಕಪಾಟಿನಂತೆಯೇ. ಒಳಗಿನ ಕಾವು ಮಾತ್ರ ಹಗಲೂ ರಾತ್ರಿ ಒಂದೇ ಸಮ ಇರಬೇಕು. ಆದರೆ ಆಗ ಕರೆಂಟು ಹೋಯಿತೆಂದರೆ ಯಾವಾಗ ಬರುತ್ತದೆಂದು ಹೇಳುವವರೇ ಇರಲಿಲ್ಲ. ಮೊದಲ ಸಲ ಇಟ್ಟ ಮೊಟ್ಟೆಗಳೆಲ್ಲ ತಣ್ಣಗಾಗಿ ಕೆಟ್ಟವು. ಕೋಳಿ ಮಾಡುವ ಕೆಲಸವನ್ನು ಕರೆಂಟಿಗೆ ಹಚ್ಚಿದ್ದಾಳೆ ಎಂದು ಓಣಿಯ ಹೆಂಗಸರು ನಕ್ಕರು. ನಗುವವರು ನಗಲಿ ಎಂದು ನಾನು ಎರಡನೇ ಸಲಕ್ಕೆ ಮೊಟ್ಟೆ ಆರಿಸತೊಡಗಿದೆ.

ನನ್ನ ಗಂಡ ಬಸ್ ಕಂಡಕ್ಟರ್. ಉಗರಗೋಳದಲ್ಲಿ ಯಾತ್ರಿಕರ ಅಂಗಡಿಗಳಿಗೆ ದೀಪ ಕೊಡುತ್ತಿದ್ದವನೊಬ್ಬ ತನ್ನ ಹಳೆಯ ಜನರೇಟರ್ ಮಾರುತ್ತಾನೆಂದು ಸುದ್ದಿ ತಂದವರು ಅವರೇ. ಅದು ಬಂದು ಹಿತ್ತಲಲ್ಲಿ ಕುಳಿತಿತು. ಅದರಿಂದ ಕಾವಿನ ಯಂತ್ರಕ್ಕೆ ನೇರವಾಗಿ ಒಂದು ಬೇರೆ ವೈರು ಎಳೆದೆವು. ಮನೆಯ ವೈರಿಂಗಿಗೂ ಅದಕ್ಕೂ ಸಂಬಂಧವೇ ಇಲ್ಲ. ಎರಡನೇ ಸಲ ಮರಿಗಳು ಚಿಪ್ಪು ಒಡೆದು ಹೊರಬಂದವು. ನನ್ನ ಮಟ್ಟಿಗೆ ಅಲ್ಲಿಗೆ ಕೆಲಸ ಮುಗಿದಿತ್ತು.

ಮಾವನವರ ಮಟ್ಟಿಗೆ ಮುಗಿದಿರಲಿಲ್ಲ. ಅವರು ಪಲ್ಟನ್ನಿನಲ್ಲಿದ್ದು ನಿವೃತ್ತರಾದವರು, ಬೌದ್ಧ ದೀಕ್ಷೆ ತೆಗೆದುಕೊಂಡವರು. ಆ ಓಣಿಯಲ್ಲಿ ಮನೆ ಕಟ್ಟಿದ ನಮ್ಮ ಜನರಲ್ಲಿ ಅವರೇ ಮೊದಲಿಗರು. ಮನೆ ಕಟ್ಟುವಾಗ ಪಕ್ಕದ ಬಾವಿಯಿಂದ ಒಂದು ಕೊಡ ನೀರು ಸಿಕ್ಕಿರಲಿಲ್ಲ. ಮೀಟರು ಕೂಡಿಸಲು ಬಂದ ಲೈನ್‌ಮನ್ ಬಿಸಿಲಲ್ಲಿ ಬಾಯಾರಿದ್ದರೂ ನಾನು ಕೊಟ್ಟ ತಂಬಿಗೆಯನ್ನು ಮುಟ್ಟದೆ ಹೋಗಿದ್ದ. ಮಾವ ಇದಾವುದನ್ನೂ ಮರೆತವರಲ್ಲ. ಓಣಿಯೆಲ್ಲ ಕತ್ತಲಾದಾಗ ನಮ್ಮ ಮನೆಯೊಂದೇ ಬೆಳಗಬೇಕು, ಅಂಗಳದ ಟ್ಯೂಬ್‌ಲೈಟ್ ಕೂಡ ಉರಿಯಬೇಕು ಎಂಬುದು ಅವರ ಆಸೆ. ಅದು ಸಣ್ಣ ಆಸೆ ಎಂದು ನಾನು ಅಂದೂ ಅಂದುಕೊಳ್ಳಲಿಲ್ಲ.

ಅವರೇ ಹೋಗಿ ಪೇಟೆಯಿಂದ ಒಬ್ಬ ವೈರ್‌ಮನ್‌ನನ್ನು ಕರೆತಂದರು. ಅವನು ಒಂದು ವೈರಿನ ಎರಡೂ ತುದಿಗೆ ಪ್ಲಗ್ ಹಾಕಿದ. ಒಂದನ್ನು ಜನರೇಟರಿಗೆ, ಇನ್ನೊಂದನ್ನು ಗೋಡೆಯ ಸಾಕೆಟ್ಟಿಗೆ ಚುಚ್ಚಿದರೆ ಮನೆ ತುಂಬ ದೀಪ, ಇಡೀ ಊರು ಹೀಗೇ ಮಾಡುತ್ತದೆ ಅಂದ. ಹಾಗೆ ಒಳಗೆ ಬಂದ ಕರೆಂಟು ಮೀಟರು ದಾಟಿ ಹೊರಗಿನ ತಂತಿಗೂ ಹೋಗುವುದಿಲ್ಲವೇ ಎಂದು ನಾನು ಕೇಳಿದೆ.

"ಮೇನ್ ಬಂದ್ ಮಾಡಿದ್ರ ಆತಲ್ರೀ ಅಕ್ಕಾರ," ಅಂದ.

"ಮರತ್ರ?"

"ಮರೀಬ್ಯಾಡ್ರಿ."

ನಾನು ಧಾರವಾಡದಲ್ಲಿ ಕಂಡದ್ದನ್ನು ಹೇಳಿದೆ. ಅಲ್ಲಿನ ಕೋಳಿ ಫಾರ್ಮಿನಲ್ಲಿ ಹಿಡಿಕೆಯಿದ್ದ ಒಂದು ಕಬ್ಬಿಣದ ಪೆಟ್ಟಿಗೆ ಗೋಡೆಗೆ ಇತ್ತು. ಹಿಡಿಕೆ ಮೇಲಕ್ಕಿದ್ದರೆ ಕಂಬದ ಕರೆಂಟು, ಕೆಳಕ್ಕಿದ್ದರೆ ಜನರೇಟರಿನದು, ನಡುವೆ ನಿಂತರೆ ಎರಡೂ ಇಲ್ಲ. ಯಾರು ಏನೇ ಮರೆತರೂ ಎರಡು ಕರೆಂಟು ಒಂದನ್ನೊಂದು ಮುಟ್ಟುವ ಹಾಗಿಲ್ಲ. ಅದಕ್ಕೆ ಚೇಂಜ್ ಓವರ್ ಸ್ವಿಚ್ ಅನ್ನುತ್ತಿದ್ದರು. ಅದಿಲ್ಲದೆ ಹೋದರೆ ಮನೆಯ ಕರೆಂಟು ಹಿಂದಕ್ಕೆ ಹೋಗಿ ಟ್ರಾನ್ಸ್‌ಫಾರ್ಮರಿಗೆ ಸೇರಿ, ಅಲ್ಲಿ ಹತ್ತಾರು ಪಟ್ಟು ಜೋರಾಗಿ ದೊಡ್ಡ ಲೈನಿಗೆ ಹರಿಯುತ್ತದೆ. ಲೈನು ಸತ್ತಿದೆಯೆಂದು ನಂಬಿ ಕಂಬ ಹತ್ತಿದವನ ಗತಿ ಏನೆಂದು ಅಲ್ಲಿ ನಮಗೆ ಬಿಡಿಸಿ ಹೇಳಿದ್ದರು.

ಅಂಥ ಸ್ವಿಚ್ ಬೇಕಾದರೆ ಹುಬ್ಬಳ್ಳಿಯಿಂದ ತರಿಸಬೇಕು, ಮನೆಗೆ ಹಾಕಿಸಿದವರನ್ನು ನಾನಂತೂ ಕಂಡಿಲ್ಲ ಅಂದ ವೈರ್‌ಮನ್. ತರಿಸೋಣ ಅಂದೆ. ಹೆಂಗಸಿನ ಕೈಲಿ ಪಾಠ ಹೇಳಿಸಿಕೊಂಡ ಸಿಟ್ಟಿಗೆ ಅವನು ಎದ್ದು ಹೋದ. ಮಾಡಿದ್ದ ವೈರು ಮಾತ್ರ ಮೊಳೆಗೆ ನೇತುಬಿದ್ದಿತು.

ಅದೇ ವಾರ ನಾದಿನಿಯ ನಿಶ್ಚಯ. ಬೀಗರು ರಾಮದುರ್ಗದ ಕಡೆಯವರು, ಕಟಕೋಳದಿಂದ ಬರುವವರಿದ್ದರು. ಮಧ್ಯಾಹ್ನ ಜೋರು ಗಾಳಿ ಬೀಸಿ ಎಲ್ಲೋ ಲೈನು ಹರಿದು ಕರೆಂಟು ಹೋಯಿತು. ನಾನು ಹೋಳಿಗೆಗೆ ಹೂರಣ ರುಬ್ಬುತ್ತಿದ್ದೆ. ಅದೇ ಲೈನ್‌ಮನ್ ಏಣಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಓಣಿ ದಾಟಿ ಹೋದದ್ದನ್ನು ಕಿಟಕಿಯಿಂದ ನೋಡಿದೆ. ಯಾವ ಕಂಬಕ್ಕೆ ಹೋದನೋ ತಿಳಿಯಲಿಲ್ಲ.

ಸಂಜೆಯಾಯಿತು. ಹಿತ್ತಲಲ್ಲಿ ಜನರೇಟರ್ ಮೊಟ್ಟೆಗಳಿಗಾಗಿ ಓಡುತ್ತಿತ್ತು. ಓಣಿಯೆಲ್ಲ ಕತ್ತಲು. ಇಸ್ತ್ರಿ ಮಾಡಿದ ಕೋಟು ತೊಟ್ಟ ಮಾವ ಮೊಳೆಯಿಂದ ವೈರು ತೆಗೆದುಕೊಂಡು ಬಂದರು. ನಾನು ಸಾಕೆಟ್ಟಿಗೆ ಬೆನ್ನು ಕೊಟ್ಟು ನಿಂತೆ. ಆ ಮನೆಗೆ ಸೊಸೆಯಾಗಿ ಬಂದಮೇಲೆ ಅವರ ಎದುರು ಹಾಗೆ ನಿಂತದ್ದು ಅದೇ ಮೊದಲು.

"ಅತ್ತ ಸರಿಯವ್ವಾ, ಬೀಗರು ಬರೂ ಹೊತ್ತಾತು," ಅಂದರು.

"ಇಲ್ರೀ ಮಾವಾರ. ಜನರೇಟರಿನಿಂದ ನೇರ ಬ್ಯಾರೆ ವೈರು ಎಳದು ಒಳಗ ಎರಡು ಬಲ್ಬು ಹಚ್ಚಿಕೊಡತೇನಿ. ಗ್ವಾಡಿಗಿ ಮಾತ್ರ ಇದನ್ನ ಚುಚ್ಚಗೊಡಂಗಿಲ್ಲ. ಆ ಲೈನ್‌ಮನ್ ಎಲ್ಲೋ ಕಂಬದ ಮ್ಯಾಲ ಅದಾನ."

ಮೇನ್ ಬಂದ್ ಮಾಡಿಯೇ ಚುಚ್ಚುತ್ತೇನೆ ಅಂದರು. ಕಾರ್ಯದ ಮನೆ, ಕರೆಂಟು ಬಂತೇನೋ ನೋಡೋಣವೆಂದು ಯಾರಾದರೂ ಅದನ್ನು ಎತ್ತಿಬಿಟ್ಟರೆ ಏನು ಮಾಡುತ್ತೀರಿ ಎಂದೆ. ಮಾವನವರಿಂದ ಬಂದ ದನಿ ಸಿಟ್ಟಿನದಲ್ಲ. ಸಿಟ್ಟಿನದಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

"ಅಂವ ನಮ್ಮ ಮನ್ಯಾಗ ನೀರ ಮುಟ್ಟಲಿಲ್ಲ. ಅಂಥವನ ಸಲುವಾಗಿ ನನ್ನ ಮಗಳ ಕಾರ್ಯಕ್ಕ ಅಂಗಳ ಕತ್ತಲಿ ಮಾಡ್ತೀಯೇನು?"

"ಮುಟ್ಟಲಿಲ್ಲ, ಖರೆ. ಅದು ಅವನ ಸಣ್ಣತನ. ಅವನ ಜೀವಾ ತಗದು ನಾವು ದೊಡ್ಡವರಾಗೂದು ಬ್ಯಾಡ."

ಅತ್ತೆ ಬಾಗಿಲಲ್ಲಿ ನಿಂತು, ಹಿರಿಯರಿಗೆ ಎದುರು ಮಾತಾಡಬೇಡ ಅಂದರು. ನಾನು ಮಾವನವರ ಕೈಯಿಂದ ವೈರು ತೆಗೆದುಕೊಂಡು ಅಡುಗೆಮನೆಗೆ ಹೋಗಿ, ಉಳ್ಳಾಗಡ್ಡಿ ಹೆಚ್ಚುವ ಈಳಿಗೆಯ ಮೇಲಿಟ್ಟು ಎರಡು ಪ್ಲಗ್ಗುಗಳನ್ನೂ ಕತ್ತರಿಸಿ ಹಾಕಿದೆ. ಆಮೇಲೆ ಹಿತ್ತಲಿಗೆ ಹೋಗಿ, ಹೇಳಿದ ಹಾಗೆಯೇ ಬೇರೊಂದು ವೈರು ಎಳೆದು ಒಳಗೆ ಎರಡು ಬಲ್ಬು ತೂಗುಹಾಕಿದೆ.

ಬೀಗರ ಜೊತೆ ಅದೇ ಬಸ್ಸಿನಲ್ಲಿ ಬಂದಿಳಿದ ನನ್ನ ಗಂಡ ಎಲ್ಲರ ಮುಖ ನೋಡಿದರು. ಅಂಗಳದಲ್ಲಿ ಕುಳಿತು ಪೆಟ್ರೋಮ್ಯಾಕ್ಸಿಗೆ ಗಾಳಿ ಹೊಡೆಯತೊಡಗಿದರು. ಒಳಗಿನ ಬಲ್ಬುಗಳ ಬೆಳಕಿನಲ್ಲಿ, ಬುದ್ಧನ ಫೋಟೋದ ಮುಂದೆ, ನಾದಿನಿಯ ನಿಶ್ಚಯ ನಡೆಯಿತು. ಬೀಗರಲ್ಲೊಬ್ಬರು, ಜನರೇಟರಿನ ಸಪ್ಪಳ ಇಷ್ಟು ಜೋರಿದ್ದರೂ ಅಂಗಳಕ್ಕೆ ಪೆಟ್ರೋಮ್ಯಾಕ್ಸೇ ಗತಿಯಲ್ಲ ಎಂದು ನಕ್ಕರು. ಮಾವ ತಲೆ ತಗ್ಗಿಸಿದರು. ಅದು ನನ್ನ ಎದೆಗೆ ನಾಟಿತು. ಆದರೂ ಮಾಡಿದ್ದು ತಪ್ಪೆಂದು ಒಂದು ಗಳಿಗೆಯೂ ಅನ್ನಿಸಲಿಲ್ಲ. ಊಟದ ಪಂಕ್ತಿ ಏಳುವ ಹೊತ್ತಿಗೆ ಕರೆಂಟು ಬಂತು.

ಮಾವ ನನ್ನೊಡನೆ ಮಾತು ಬಿಟ್ಟರು. ಊಟಕ್ಕೆ ಕರೆದರೆ ಬರುತ್ತಿದ್ದರು, ಬಡಿಸಿದ್ದನ್ನು ಉಣ್ಣುತ್ತಿದ್ದರು, ಅಷ್ಟೇ. ಒಂದು ದಿನ ಅತ್ತೆಯೇ ಕೇಳಿದರು:

"ಅಷ್ಟೆಲ್ಲಾ ಮಾಡಿದಿ. ಅವತ್ತೇನು ಯಾರರ ಸತ್ರೇನು?"

"ಸಾಯಲಿಲ್ಲಲ್ರೀ ಅತ್ತಿ. ನನಗ ಅಷ್ಟ ಬೇಕಾಗಿತ್ತು."

ಆ ಹೊತ್ತಿನಲ್ಲಿ ಲೈನ್‌ಮನ್ ನಮ್ಮ ಲೈನಿನ ಕಂಬದ ಮೇಲಿದ್ದನೋ, ಕೆಳಗೆ ಕುಳಿತು ಬೀಡಿ ಸೇದುತ್ತಿದ್ದನೋ ನನಗೆ ಇಂದಿಗೂ ಗೊತ್ತಿಲ್ಲ. ಅವನಿಗೂ ಈ ಸಂಗತಿ ಗೊತ್ತಾಗಲಿಲ್ಲ. ಹೇಳಬೇಕೆಂದು ನನಗೂ ಅನ್ನಿಸಲಿಲ್ಲ.

ಮಳೆಗಾಲ ಮುಗಿಯುವ ಮುಂಚೆ ನನ್ನ ಗಂಡ ಹುಬ್ಬಳ್ಳಿಯಿಂದ ಸ್ವಿಚ್ ತಂದರು. ವೈರ್‌ಮನ್ ಕಿತ್ತೂರಿನಿಂದ ಬಂದ, ಈ ಸಲ ಬೇರೆಯವನು. ಅವನು ಅದನ್ನು ಮೀಟರಿನ ಪಕ್ಕದಲ್ಲಿ ಕೂಡಿಸಿ, ಜನರೇಟರಿಗೆ ನೆಲದಲ್ಲಿ ಅರ್ತಿಂಗ್ ಹೂಳಿ, ಹೊಗೆ ಒಳಗೆ ಬರದಂತೆ ಅದನ್ನು ಗೋಡೆಯಿಂದ ದೂರ ಸರಿಸಿ ಹೋದ. ಮೊದಲ ಸಲ ಹಿಡಿಕೆ ಎಳೆಯಲು ಮಾವನವರನ್ನು ಕರೆದೆ. ಅವರು ಬಂದರು, ಎಳೆದರು. ಅಂಗಳದ ಟ್ಯೂಬ್‌ಲೈಟ್ ಎರಡು ಸಲ ಮಿಣುಕಿ ಹತ್ತಿತು. ಅವರು ಹೊರಗೆ ಹೋಗಿ ಕತ್ತಲ ಓಣಿಯ ನಡುವೆ ನಿಂತು, ನಮ್ಮ ಮನೆಯನ್ನು ಬಹಳ ಹೊತ್ತು ನೋಡಿದರು. ಒಳಗೆ ಬಂದು, ಚಹಾ ಮಾಡು ಎಂದು ನನಗೆ ಹೇಳಿದರು.

ಮುಂದಿನ ವರ್ಷಗಳಲ್ಲಿ ಅರಳೆ ವ್ಯಾಪಾರದವರ ಕೆಲವು ಮನೆಗಳಿಗೂ ಜನರೇಟರುಗಳು ಬಂದವು. ಎರಡು ಪ್ಲಗ್ಗಿನ ವೈರುಗಳೂ ಬಂದವು. ಸುದ್ದಿ ತಿಳಿದಾಗಲೆಲ್ಲ ನಾನು ಹೋಗಿ ಅವರ ಅಂಗಳದಲ್ಲಿ ನಿಂತು ಅದರ ಅಪಾಯ ಹೇಳುತ್ತಿದ್ದೆ. ಕೆಲವರು ಕೇಳಿದರು, ಕೆಲವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಒಬ್ಬ ಸಾಹುಕಾರರು, ನಮ್ಮ ಮನೆಯ ಉಸಾಬರಿ ನಿನಗೇಕೆ ಎಂದು ಗದರಿಸಿದರು.

"ಕಂಬ ನಿಮ್ಮ ಮನಿಯೊಳಗ ನಿಂತಿಲ್ಲಲ್ರಿ," ಅಂದೆ. "ಓಣ್ಯಾಗ ನಿಂತೈತಿ."